ಸೀಟಿಗೆ ಮೊದಲು ಹೇಳಿದ ಮಾತು

ಸೌದಿ ಅರೇಬಿಯಾದ ಜಿದ್ದಾ ನಗರದ ಶೀತಲ ಗೋದಾಮೊಂದರಲ್ಲಿ ಮೇಲ್ವಿಚಾರಕರಾಗಿದ್ದ ದೇಜಪ್ಪನವರು ಕಬಡ್ಡಿ ಆಟ ಬಿಟ್ಟದ್ದು 2011ರಲ್ಲಿ, ಬಲಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ. ಮೊದಲು ಮೂಲ್ಕಿಯ ಆಸುಪಾಸಿನಲ್ಲಿ, ಆಮೇಲೆ ಜಿದ್ದಾದ ಕರಾವಳಿ ಕನ್ನಡಿಗರ ತಂಡದಲ್ಲಿ ಅವರು ದಾಳಿಗಾರರಾಗಿದ್ದರು. ಮರುವರ್ಷ ಅದೇ ತಂಡದ ವ್ಯವಸ್ಥಾಪಕ, ಬಜ್ಪೆ ಕಡೆಯ ವ್ಯಾಪಾರಿ ಕಮಾಲುದ್ದೀನ್, ಅವರ ಕೈಗೆ ಮೈಕ್ ಕೊಟ್ಟರು. “ಕಾಲು ಹೋದರೆ ಹೋಗಲಿ, ಬಾಯಿ ಉಂಟಲ್ಲ ಮಾರಾಯ” ಎಂದರಂತೆ. ವೀಕ್ಷಕ ವಿವರಣೆಗೆ ದೇಜಪ್ಪ ಕನ್ನಡವನ್ನೇ ಆರಿಸಿಕೊಂಡರು. ತುಳು, ಬ್ಯಾರಿ, ಕೊಂಕಣಿ ಮಾತಾಡುವವರೆಲ್ಲರಿಗೂ ಅದು ಸಲ್ಲುತ್ತಿತ್ತು.

ದಾಳಿಗಾರ ಹಿಡಿತಕ್ಕೆ ಸಿಕ್ಕ ಕೂಡಲೇ ಅವರು “ಖಲಾಸ್” ಎನ್ನುತ್ತಿದ್ದರು. ಊರಿನಲ್ಲಿ ಆಡುವಾಗಲೇ ಬಾಯಿಗೆ ಅಂಟಿದ್ದ ಪದವದು. ಅರಬಿಯಲ್ಲಿಯೂ ‘ಮುಗಿಯಿತು’ ಎಂಬುದಕ್ಕೆ ಅದೇ ಪದ. ದಿನವಿಡೀ ಕೆಲಸದ ಜಾಗದಲ್ಲಿ ಅದನ್ನೇ ಕೇಳಿ ಬಂದ ಪ್ರೇಕ್ಷಕರಿಗೆ ನಗು ಬರುತ್ತಿತ್ತು.

2014ರ ಒಂದು ಶುಕ್ರವಾರ, ಕಿಟಕಿಗಳಿಲ್ಲದ ಬಾಡಿಗೆಯ ಒಳಾಂಗಣದಲ್ಲಿ ಅಂತಿಮ ಪಂದ್ಯ ನಡೆಯಿತು. ದೇಜಪ್ಪನವರ ಹಳೆಯ ತಂಡಕ್ಕೆ ಎದುರಾಳಿಯಾಗಿ ಬಂದದ್ದು ಹಫ್ರ್ ಅಲ್ ಬಾತಿನ್ ನಗರದ ಕನ್ನಡಿಗರ ತಂಡ. ಜಿಜಾನ್‌ನಲ್ಲಿ ನಡೆಯಲಿದ್ದ ಮುಂದಿನ ಪಂದ್ಯಾವಳಿಗೂ ದೇಜಪ್ಪನವರನ್ನೇ ಕರೆದೊಯ್ಯುವುದಾಗಿ ಕಮಾಲುದ್ದೀನ್ ಮಾತು ಕೊಟ್ಟಿದ್ದರು. ಆಟ ಬಿಟ್ಟ ಮೇಲೆ ತನಗೆ ಉಳಿದಿರುವುದು ಅದೊಂದೇ ಎಂದು ದೇಜಪ್ಪ ಭಾವಿಸಿದ್ದರು. ಸೂರ್ಯಾಸ್ತದ ಮಗ್ರಿಬ್ ನಮಾಜಿಗೆ ಮೊದಲು ಜಾಗ ತೆರವು ಮಾಡಬೇಕಿತ್ತು. ಆಟ ಮುಗಿದೊಡನೆ ದೀಪ ಆರಿಸುವಂತೆ ಈಜಿಪ್ಟಿನ ಕಾವಲುಗಾರನಿಗೆ ಹೇಳಲಾಗಿತ್ತು.

ಕೊನೆಯ ದಾಳಿಯ ಹೊತ್ತಿಗೆ ಹಫ್ರ್ ತಂಡ ಒಂದು ಅಂಕ ಹಿಂದಿತ್ತು. ದಾಳಿಗಾರ ಮಿಸ್ಬಾಹ್‌ನ ಪಾದವನ್ನು ಜಿದ್ದಾದವರು ಹಿಡಿದರು. ದೇಜಪ್ಪ ಮೈಕಿನಲ್ಲಿ “ಖಲಾಸ್” ಎಂದರು. ಅಷ್ಟು ಹೊತ್ತು ಹೊರಗೆ ಕುಳಿತಿದ್ದ ಕಾವಲುಗಾರ ಆಗಷ್ಟೇ ಒಳಬಂದು ಸ್ವಿಚ್ಚಿನ ಬಳಿ ನಿಂತಿದ್ದ. ಆ ಕನ್ನಡದ ನಡುವೆ ಅವನಿಗೆ ಅರ್ಥವಾದ ಪದ ಅದೊಂದೇ. ದೀಪ, ಮೈಕ್ ಎರಡೂ ಆರಿದವು.

ಮತ್ತೆ ಬೆಳಕಾದಾಗ ಮಿಸ್ಬಾಹ್ ನಡುಗೆರೆಯ ಬಳಿ ಕುಳಿತಿದ್ದ. ಹಿಡಿದವರು ಕೈಬಿಟ್ಟು ಸುತ್ತ ನಿಂತಿದ್ದರು. ದಾಳಿಗಾರ ಒಂದೇ ಉಸಿರಿನಲ್ಲಿ ‘ಕಬಡ್ಡಿ’ ಎನ್ನುತ್ತಿರಬೇಕು. ಆಟಗಾರರು ಇದನ್ನು ದಮ್ಮು ಎನ್ನುತ್ತಾರೆ. ಕತ್ತಲಾಗುವ ಮೊದಲೇ ದಮ್ಮು ಮುರಿದಿದ್ದರೆ ಮಿಸ್ಬಾಹ್ ಔಟ್, ಇಲ್ಲವಾದರೆ ಮತ್ತೆ ದಾಳಿ ಎಂದು ತೀರ್ಪುಗಾರ ನಿಝಾಮುದ್ದೀನ್ ಹೇಳಿದರು. ಗದ್ದಲದಲ್ಲಿ ಅವರಿಗೇ ಕೇಳಿಸಿರಲಿಲ್ಲ. ಗೆರೆಗೆ ಎಲ್ಲರಿಗಿಂತ ಹತ್ತಿರವಿದ್ದ ದೇಜಪ್ಪನವರನ್ನು ಕೇಳಿದರು.

ಅವರು ಬಾಯಿ ತೆರೆಯುವ ಮೊದಲೇ ಕಮಾಲುದ್ದೀನ್ ಅಂದರು, “ಎಂತ ಕೇಳುವುದು? ಇವನೇ ಖಲಾಸ್ ಅಂದಿದ್ದಾನಲ್ಲ.”

“ಅಂದದ್ದು ಹೌದು, ಕಮಾಲಾಕ. ಕಾಲು ಸಿಕ್ಕಿದ್ದು ನೋಡಿ ಅಂದೆ. ದಮ್ಮು ಕತ್ತಲೆಯಲ್ಲೂ ಕೇಳ್ತಾ ಇತ್ತು.”

“ಕತ್ತಲೆಗೆ ಹೆದರಿ ಇನ್ನೂ ಜೋರಾಗಿ ಹೇಳಿದ್ದೇನೆ, ಅಣ್ಣ” ಎಂದ ಮಿಸ್ಬಾಹ್, ಕುಳಿತಲ್ಲಿಂದಲೇ.

ಯಾರೋ ನಕ್ಕರು. ಕಮಾಲುದ್ದೀನ್ ನಗಲಿಲ್ಲ. “ನೀನು ಯಾರ ಕಡೆ, ದೇಜಪ್ಪ?”

“ಆಡುವಾಗ ನಿಮ್ಮ ಕಡೆ ಇದ್ದೆ. ಈಗ ಮೈಕ್ ಹಿಡಿದಿದ್ದೇನಲ್ಲ.”

ಮರುದಾಳಿಯಲ್ಲಿ ಮಿಸ್ಬಾಹ್ ಎರಡು ಅಂಕ ತಂದ. ಹಳೆಯ ತಂಡ ಸೋತಿತು. ಕಮಾಲುದ್ದೀನ್ ತಾವೇ ಮೈಕಿನ ವಯರು ಸುತ್ತಿಕೊಂಡು ಹೊರಟುಹೋದರು. ಜಿಜಾನ್ ತಪ್ಪಿತೆಂದು ದೇಜಪ್ಪ ಅಂದೇ ಪತ್ನಿ ದೀಪ್ತಿಯವರಿಗೆ ಫೋನಿನಲ್ಲಿ ತಿಳಿಸಿದರು.

ಕೆಲವು ವಾರಗಳ ಬಳಿಕ ಕಮಾಲುದ್ದೀನರ ಕರೆ ಬಂತು.

“ಹಫ್ರ್‌ನವರು ನೀನೇ ಬೇಕು ಅಂತಾರೆ. ನಮ್ಮ ಹುಡುಗರು ನೀನು ಬೇಡ ಅಂತಾರೆ.”

“ನೀವೆಂತ ಹೇಳಿದ್ರಿ?”

“ಫೋನು ಮಾಡಿದ್ದು ಯಾರು ಮಾರಾಯ? ಬಾ. ಆ ಶಬ್ದವನ್ನು ಮಾತ್ರ ಜಿದ್ದಾದಲ್ಲೇ ಬಿಟ್ಟು ಬಾ.”

ಜಿಜಾನ್‌ನ ಮೊದಲ ಪಂದ್ಯದಲ್ಲೇ ಮಿಸ್ಬಾಹ್ ಸಿಕ್ಕಿಬಿದ್ದ. ದೇಜಪ್ಪ ಮೈಕನ್ನು ಎದೆಗೊತ್ತಿಕೊಂಡು ತೀರ್ಪುಗಾರರ ಸೀಟಿಗಾಗಿ ಕಾದರು. ಅವರ ಬದಲಿಗೆ, ಜಿದ್ದಾದ ಸಂಗತಿ ಕೇಳಿದ್ದ ಪ್ರೇಕ್ಷಕರೇ ಒಟ್ಟಾಗಿ “ಖಲಾಸ್” ಎಂದು ಕೂಗಿದರು. ಕೂಗಿದವರಲ್ಲಿ ಹಲವರು ತಿರುಗಿ ಸ್ವಿಚ್ಚಿನ ಕಡೆ ನೋಡಿದರು.