ದಾರ ಕಟ್ಟಿದ ಪೆನ್ನು

ಮನುಷ್ಯಕುಲವನ್ನು ಪಶುತ್ವದಿಂದ ಎತ್ತಿ ನಿಲ್ಲಿಸಿದ್ದು ಕಥೆ. ಆ ಕಥೆಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದು ಹಾಜರಿ ಪುಸ್ತಕಕ್ಕೆ ದಾರ ಹಾಕಿ ಕಟ್ಟಿದ ಒಂದು ಪೆನ್ನು. ಮೊದಲನೆಯದನ್ನು ಮೇಷ್ಟರಾಗಿದ್ದಷ್ಟು ಕಾಲ ಬೋಧಿಸಿದೆ; ಎರಡನೆಯದನ್ನು ನಿವೃತ್ತನಾದ ಮೇಲೆ ಪದ್ಮನಾಭನಗರದ ನಮ್ಮ ಪುಟ್ಟ ಗ್ರಂಥಾಲಯದಲ್ಲಿ ಕಲಿತೆ.

ಶನಿವಾರಗಳಂದು ಮಕ್ಕಳಿಗೆ ಕಥೆ ಹೇಳಲು ಒಳಕೋಣೆ ಕೊಟ್ಟಿದ್ದರು, ಒಂದು ಷರತ್ತಿನ ಮೇಲೆ: ಮೊದಲ ದಿನವೇ ರಿಜಿಸ್ಟರಿನಲ್ಲಿ ಹದಿನೈದು ಸಹಿ ಬೀಳಬೇಕು, ಇಲ್ಲವಾದರೆ ಕೋಣೆ ಕೇರಂ ಆಡುವವರ ಪಾಲು. ಮಕ್ಕಳು ಸುಮ್ಮನೆ ಕೇಳಿದರೆ ಸಾಲದು, ಕಥೆಯೊಳಗೆ ಪಾಲ್ಗೊಳ್ಳಬೇಕೆಂಬುದು ಈಗಿನ ಶಾಸ್ತ್ರವಂತೆ. ನಾನೂ ಪುರೋಹಿತನಂತೆ ಕೂತು ನಿಮಿಷ ನಿಮಿಷಕ್ಕೂ ಮುಹೂರ್ತ ಇಟ್ಟೆ. ಎಂಟನೆಯ ನಿಮಿಷಕ್ಕೆ ಆನೆ ಬಸ್ಸು ಹತ್ತುವುದು. ಒಂಬತ್ತಕ್ಕೆ ಮಕ್ಕಳೆಲ್ಲ 'ಜಾಗ ಇಲ್ಲ' ಎಂದು ಕೂಗುವುದು. ಹತ್ತಕ್ಕೆ ಕಂಡಕ್ಟರನಾದ ನಾನು ಸೀಟಿ ಊದುವುದು.

ಬಂದದ್ದು ಹದಿನಾಲ್ಕು ಮಕ್ಕಳು, ಎಲ್ಲರೂ ಐದರ ಆಸುಪಾಸು. ಜೊತೆಗೆ ಬಂದ ಅಜ್ಜಿಯರ ಸಹಿಯನ್ನೂ ಸೇರಿಸಿಕೊಳ್ಳಿ ಎಂದೆ. ಮಕ್ಕಳ ಕಾರ್ಯಕ್ರಮಕ್ಕೆ ಮಕ್ಕಳದೇ ಆಗಬೇಕೆಂದರು ಗ್ರಂಥಪಾಲಕಿ. ಹಾಗಾದರೆ ಮಕ್ಕಳ ಹೆಸರನ್ನಾದರೂ ನಾನೇ ಬರೆದುಬಿಡುತ್ತೇನೆ ಎಂದೆ.

"ಅವರ ಸಹಿ ನೀವು ಹಾಕಿದ್ರೆ ಫೋರ್ಜರಿ ಆಗಲ್ವಾ ಸಾರ್?" ಎಂದು ಶಾಂತವಾಗಿ ಕೇಳಿದರು.

ಸಾಲು ನಿಂತಿತು. ದಾರ ಒಂದು ಮೊಳ, ಮೇಜು ಮಕ್ಕಳ ಹಣೆಯ ಎತ್ತರ. ಒಬ್ಬೊಬ್ಬರನ್ನೇ ಎತ್ತಿ ಹಿಡಿದೆ. ಆ ವಯಸ್ಸಿನಲ್ಲಿ ಹೆಸರೆಂಬುದು, ಮಿತ್ರರೇ, ಬರೆಯುವ ವಸ್ತುವಲ್ಲ, ಮನೆಯಂತೆ ಕಟ್ಟುವ ವಸ್ತು. ನಾವು ಅವಸರದಲ್ಲಿ ಗೀಚಿ ಹೋಗುವ ಅಂಕಣದಲ್ಲಿ ಅವರು ಕೊಂಬು ಕೂಡಿಸಿ, ದೀರ್ಘ ಎಳೆದು, ಹಿಂದಿನವರಿಗೆ ತೋರಿಸಿ, ಗೃಹಪ್ರವೇಶ ಮಾಡಿದರು. ಎಂಟನೆಯ ನಿಮಿಷ ಹೋಯಿತು, ಇಪ್ಪತ್ತೆಂಟನೆಯದೂ ಹೋಯಿತು. ಸೊಂಟ ಕೂಗಿತು, ಸೀಟಿ ಕೂಗಲಿಲ್ಲ.

"ಬರೀಲಿ ಬಿಡಿ ಸಾರ್, ನಿಮ್ ಕಥೆ ಎಲ್ಲಿಗ್ ಓಡೋಗತ್ತೆ" ಎಂದರು ಇಟ್ಟಮಡುವಿನಿಂದ ಬಂದ ಅಜ್ಜಿಯೊಬ್ಬರು.

ಕೊನೆಯವಳು ಅವರ ಮೊಮ್ಮಗಳು. ಬರೆದು ಮುಗಿಸಿದರೂ ಪೆನ್ನು ಬಿಡಲೊಲ್ಲಳು. ನಿನ್ನಿಂದಾಗಿ ನನ್ನ ಆನೆ ಬಸ್ ಸ್ಟಾಪಿನಲ್ಲೇ ನಿಂತಿದೆಯಮ್ಮ ಎಂದು ಗೊಣಗಿದೆ.

"ತಾತ, ಆನೆ ಸೈನ್ ಮಾಡ್ಲೇ ಇಲ್ವಲ್ಲ. ಒಳಗ್ ಬಿಡ್ತಾರಾ?"

ಉತ್ತರಕ್ಕೆ ಕಾಯದೆ ಕೆಳಗಿನ ಸಾಲಿನಲ್ಲಿ ಸೊಂಡಿಲೆಳೆದಳು. ಹಿಂದೆಯೇ ಕಿವಿ, ಬಾಲ ಬಂದವು. ಪಾಲ್ಗೊಳ್ಳುವುದೆಂದರೆ ಇದೇ ಇರಬೇಕೆಂದು ಹೊಳೆದರೂ ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನನ್ನ ಸೊಂಟವಿರಲಿಲ್ಲ. ಗ್ರಂಥಪಾಲಕಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ, ಫೋರ್ಜರಿಯ ಮಾತೆತ್ತದೆ, ಅದರ ಎದುರು ಕ್ರಮಸಂಖ್ಯೆ ಹದಿನೈದು ಎಂದು ಬರೆದರು.

ಅಂದು ಕಥೆ ನಡೆಯಲಿಲ್ಲ. ಕೋಣೆ ನಮಗೇ ಉಳಿಯಿತು. ಪೆನ್ನಿನ ದಾರ ಈಗ ಎರಡು ಮೊಳ ಇದೆ.