ಮಾವನ ಹೆಸರಿನ ಮುಂದೆ ಸೊನ್ನೆ

ನಮ್ಮ ಸೋದರಮಾವ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದಿದ್ದರು. ಅಷ್ಟೂ ವರ್ಷದಲ್ಲಿ ಒಂದು ದಿಂಬನ್ನೂ ಎತ್ತಿದವರಲ್ಲ. ನಗಬೇಡಿ. ನಾನೂ ಅದೇ ತಂಡದವನು, ಸಾಮಾನು ಹೊರುವಾಗ ಹಿಂದಿನ ಬಲಮೂಲೆ ನನ್ನದು. ಈ ಮಾತಿಗೆ ನಕ್ಕವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕೆಲಸಕ್ಕೆ ಸೇರಿದ ದಿನವೇ ಅವರು ಆಳೆತ್ತರದ ಕನ್ನಡಿಯೊಂದನ್ನು ಎತ್ತುವ ಮೊದಲೇ ಬೀಳಿಸಿ ಚೂರುಚೂರು ಮಾಡಿದ್ದರಂತೆ. ಆಗಿನ ಯಜಮಾನರು ಕೈಮುಗಿದು, "ಪುಣ್ಯಾತ್ಮ, ನೀನು ಏನನ್ನೂ ಮುಟ್ಟಬೇಡ. ಸುಮ್ನೆ ಮುಂದೆ ನಡೆದು ದಾರಿ ಹೇಳು" ಎಂದರು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹಾಗಾಯಿತು. ನಾವು ನಾಲ್ವರು ಹೊತ್ತರೆ ಮಾವ ನಮ್ಮ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಮೆಟ್ಟಿಲು ಹತ್ತುತ್ತಾ ಕೂಗುವರು: "ಎತ್ತಿ, ಐಸಾ! ಉದ್ದಣ್ಣ ಬಗ್ಗು, ಐಸಾ! ಉಸಿರು ಬಿಡಿ, ಐಸಾ!" ಹೀಗೆ ಹತ್ತಿ ಹತ್ತಿ, ಮುಂದಕ್ಕೆ ಹತ್ತುವುದೇ ಅವರಿಗೆ ಮರೆತುಹೋಯಿತು. ಮನೆಯ ಮೆಟ್ಟಿಲನ್ನೂ ಬೆನ್ನು ಕೊಟ್ಟೇ ಏರುವರು. "ನಿಮ್ಮ ಮಾವ ಬರ್ತಿದ್ದಾರೋ ಹೋಗ್ತಿದ್ದಾರೋ, ಇವತ್ತಿಗೂ ನಂಗೆ ಗೊತ್ತಾಗಲ್ಲ" ಎಂದು ಅತ್ತೆ ಗೊಣಗುವರು.

ಕಳೆದ ವರ್ಷ ಹೊಸ ಮ್ಯಾನೇಜರ್ ಬಂದರು. ಗೋಡೆ ತುಂಬ ಪಟ್ಟಿ ಅಂಟಿಸಿದ್ದರಿಂದ ನಾವು ಅವರಿಗೆ ಪಟ್ಟಿ ಸಾರ್ ಎಂದು ಹೆಸರಿಟ್ಟೆವು. ಒಳ್ಳೆಯ ಹುಡುಗ, ಆದರೆ ಅಳೆಯದೆ ನೀರೂ ಕುಡಿಯುವವರಲ್ಲ. ಯಾರು ದಿನಕ್ಕೆ ಎಷ್ಟು ಕೆಜಿ ಹೊತ್ತರು ಎಂದು ಬರೆದರೆ ತಂಡದ ಕೆಲಸ ಸುಧಾರಿಸುತ್ತದಂತೆ. ಮಾವನ ಹೆಸರಿನ ಮುಂದೆ ಸೊನ್ನೆ ಬಿತ್ತು, ಮರುದಿನವೂ ಸೊನ್ನೆ. ತಿಂಗಳ ಕೊನೆಗೂ ಸೊನ್ನೆಯೇ ಇದ್ದರೆ ಕೆಲಸದಿಂದ ತೆಗೆಯಿರಿ ಎಂದು ಹೆಡ್ಡಾಫೀಸಿನಿಂದ ಪತ್ರ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು.

"ಒಂದು ಕುರ್ಚಿನಾದ್ರೂ ಎತ್ತಿ ಮಾವ" ಎಂದು ಗೋಗರೆದೆ.

"ಎತ್ತಿ ಮುರೀಲಾ? ನನ್ನ ಕೆಲಸ ಕೂಗೋದು ಕಣೋ. ಈ ವಯಸ್ಸಲ್ಲಿ ಕೂಗೋ ಕೆಲಸ ಬೇರೆ ಯಾರು ಕೊಡ್ತಾರೆ?" ಎಂದರು. ಅವರ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪಟ್ಟಿ ಸಾರ್ ಪರೀಕ್ಷೆಗೆಂದೇ ಗೋದಾಮಿಗೆ ಒಂದು ತೇಗದ ಬೀರು ತರಿಸಿದರು. ತೂಕ ಹಾಕಿಸಿದರೆ ಸರಿಯಾಗಿ ಇನ್ನೂರ ನಲವತ್ತು ಕೆಜಿ. ಅದನ್ನು ನಾವು ಮೂರನೇ ಮಹಡಿಗೆ ಹೊರಬೇಕು, ಆಮೇಲೆ ಪ್ರತಿಯೊಬ್ಬನೂ ತನ್ನ ಹೆಗಲಿಗೆ ಎಷ್ಟು ಭಾರ ಬಿತ್ತು ಎಂದು ಪ್ರಾಮಾಣಿಕವಾಗಿ ಬರೆಯಬೇಕು. ಮೊದಲ ದಿನ ಮಾವ ಕೂಗಿದರು, ಹತ್ತೇ ನಿಮಿಷದಲ್ಲಿ ಬೀರು ಮೇಲೆ ಹೋಯಿತು. ನಾವು ನಾಲ್ವರೂ ನಲವತ್ತು ನಲವತ್ತು ಎಂದು ಬರೆದೆವು. ಕೂಡಿದರೆ ನೂರ ಅರವತ್ತು!

"ಉಳಿದ ಎಂಬತ್ತು ಕೆಜಿ ಎಲ್ಲಿ?" ಎಂದು ಪಟ್ಟಿ ಸಾರ್ ಕೂಗಾಡಿದರು. ಮೆಟ್ಟಿಲ ಕೆಳಗೆಲ್ಲ ಬಗ್ಗಿ ಹುಡುಕಿಸಿದರು. ಯಾರಾದರೂ ಏನಾದರೂ ಹೊರಗೆ ಒಯ್ದರಾ ಎಂದು ಗೇಟಿನ ವಾಚ್‌ಮನ್ನನ್ನೂ ವಿಚಾರಿಸಿದರು. ಪಾಪ, ಅವನು ಹೆದರಿ ತನ್ನ ಊಟದ ಡಬ್ಬಿ ತೆರೆದು ತೋರಿಸಿದ.

ಮುಂದಿನ ವಾರ ಮಾವನನ್ನು ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಯಕೂಡದು ಎಂದರು. ಅದೇ ಬೀರು, ಅದೇ ನಾವು. ಎರಡನೇ ಮಹಡಿಯ ತಿರುವಿನಲ್ಲಿ ಮುಂದಿನ ಮೂಲೆಯ ಉದ್ದಣ್ಣ ಎಡಕ್ಕೆ, ನಾನು ಬಲಕ್ಕೆ ಎಳೆದು, ಒಬ್ಬರಿಗೊಬ್ಬರು ಬೈದು, ಮೇಲೆ ಮುಟ್ಟಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಎಲ್ಲರೂ ಎಪ್ಪತ್ತು ಎಂದು ಬರೆದೆವು. ಒಟ್ಟು ಇನ್ನೂರ ಎಂಬತ್ತು! ಪಟ್ಟಿ ಸಾರ್ ಬೀರಿನ ಬಾಗಿಲು ತೆಗೆದು, ಒಳಗೆ ಯಾರಾದರೂ ಕೂತಿದ್ದಾರಾ ಎಂದು ಟಾರ್ಚ್ ಹಾಕಿ ನೋಡಿದರು.

ತಿಂಗಳ ಕೊನೆಯ ದಿನ ಅವರ ತಲೆ ಪೂರ್ತಿ ಕೆಟ್ಟಿತ್ತು. "ನಿಮ್ಮನ್ನ ನಂಬಲ್ಲ, ನಾನೇ ಹೊರ್ತೀನಿ" ಎಂದು ಉದ್ದಣ್ಣನನ್ನು ಸರಿಸಿ ಅವನ ಮೂಲೆಗೆ ಹೆಗಲು ಕೊಟ್ಟರು. ಅದೇ ತಿರುವಿನಲ್ಲಿ ಬೀರು ವಾಲಿ, ಅವರು ಗೋಡೆಗೂ ಬೀರಿಗೂ ನಡುವೆ ಸಿಕ್ಕಿಕೊಂಡರು. ಹಿಂದೆ ಮುಂದೆ ಅಲುಗುವಂತಿಲ್ಲ. ಒಂದು ತಿಂಗಳು ಮಾವನನ್ನು "ಸೊನ್ನೆಯವರೇ" ಎಂದು ಕರೆದಿದ್ದ ಮನುಷ್ಯ ಅಲ್ಲಿಂದಲೇ ಕಿರುಚಿದರು: "ಮಾವಾ! ಕೂಗಿ ಮಾವಾ, ಕೂಗಿ!"

ಕೆಳಗೆ ಕೂತಿದ್ದ ಮಾವನಿಗೆ ನಾವು ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ನಮ್ಮ ಏದುಸಿರನ್ನು ಕೇಳಿದರಂತೆ. ಆಮೇಲೆ ಆ ದನಿ ಮೆಟ್ಟಿಲೇರಿ ಬಂತು. "ಸಾರ್, ಮೊಣಕಾಲು ಮಡಿಸಿ, ಐಸಾ! ಅಳಿಯಾ, ತಡಿ. ಈಗ ಎಲ್ರೂ, ಐಸಾ!" ಬೀರು ಮೆಲ್ಲಗೆ ತಿರುಗಿತು, ಮೇಲೆ ಹೋಯಿತು. ನನಗಂತೂ ಅಳುವೇ ಬಂತು.

ನಾವು ಮೂವರು ನಲವತ್ತು ಬರೆದೆವು, ಪಟ್ಟಿ ಸಾರ್ ಮೂವತ್ತು ಬರೆದುಕೊಂಡರು. ಕೂಡಿದರು. ನೂರ ಐವತ್ತು! ಮಾವನ ಹೆಸರಿನ ಮುಂದಿದ್ದ ಸೊನ್ನೆ ಹೊಡೆದುಹಾಕಿ ತೊಂಬತ್ತು ಎಂದು ಬರೆದರು.

ಮಾವ ಸಿಟ್ಟಾದರು. "ಸುಳ್ಳು ಬರೀಬೇಡಿ ಸಾರ್. ನಾನು ಮುಟ್ಟೇ ಇಲ್ಲ."

"ಲೆಕ್ಕ ಕೂಡಬೇಕಲ್ಲ ಮಾವ. ಆ ತೊಂಬತ್ತು ಯಾರು ಹೊತ್ರು, ನೀವೇ ಹೇಳಿ."

ಮಾವ ಬೀರು ನೋಡಿದರು, ನಮ್ಮನ್ನು ನೋಡಿದರು. ಸಹಿ ಹಾಕಿದರು. ಕೆಲಸ ಉಳಿಯಿತು.

ಮರುದಿನ ಬೆಳಿಗ್ಗೆ ಅವರನ್ನು ಕರೆಯಲು ಹೋದರೆ ಇನ್ನೂ ಮಲಗಿದ್ದರು. "ಬಲಗೈ ಎತ್ತೋಕೇ ಆಗ್ತಿಲ್ಲ ಕಣೋ."

"ನೀವೇನು ಹೊತ್ರಿ ಮಾವ?"

"ತೊಂಬತ್ತು ಕೆಜಿ ಅಂದ್ರೆ ಸುಮ್ನೆನಾ, ಈ ವಯಸ್ಸಲ್ಲಿ?"

ನಗು ತಡೆದುಕೊಂಡು ಅಂಗಿ ಸರಿಸಿ ನೋಡಿದೆ. ಹೆಗಲು ಕೆಂಪಗೆ ಬಾತಿತ್ತು, ಅಡ್ಡಕ್ಕೆ ಬೀರಿನ ಅಂಚಿನ ಗೆರೆ ಮೂಡಿತ್ತು. ಅಂಥದೇ ಗೆರೆ ನನ್ನ ಹೆಗಲ ಮೇಲೂ ಇದೆ.