ಮಣ್ಣಿನ ಹುಡುಗಿಯ ಬೆರಳು ಎಲ್ಲಿದೆ

ಬೆಳಗಿನ ಆರು ಗಂಟೆಗೆ ಈ ವಸ್ತುಸಂಗ್ರಹಾಲಯದ ಮರದ ಮೆಟ್ಟಿಲು ಮೆಲ್ಲಕ್ಕನೊಬ್ಬರದೇ. ಸ್ವಲ್ಪ ಹೊತ್ತು ಕಳೆದರೆ ಕಸ ಗುಡಿಸುವವರು ಬರುತ್ತಾರೆ, ಅವರ ಹಿಂದೆ ಕಚೇರಿಯವರು, ಅವರ ಹಿಂದೆ ಶಾಲೆಯ ಮಕ್ಕಳು. ಆಮೇಲೆ ಸಂಜೆಯವರೆಗೂ ಮೆಟ್ಟಿಲು ನಡುಗುತ್ತಲೇ ಇರುತ್ತದೆ. ಅದಕ್ಕೇ ಅವರು ಬೆಳಕು ಹರಿಯುವ ಹೊತ್ತಿಗೆ ಅಟ್ಟದ ಬೀಗ ತೆಗೆದು, ಆ ದಿನ ಕೆಳಗೆ ಹೋಗಬೇಕಾದ ಸಾಮಾನನ್ನು ಒಂದೊಂದಾಗಿ ಇಳಿಸುತ್ತಾರೆ. ತರಕಾರಿ ಅಂಗಡಿಯಲ್ಲಿರುವಂಥ ಪ್ಲಾಸ್ಟಿಕ್ ಕ್ರೇಟು, ಅದರೊಳಗೆ ಮಗಳು ಕೂಸಾಗಿದ್ದಾಗ ಹೊದಿಸುತ್ತಿದ್ದ ಹಳದಿ ಕಂಬಳಿ, ಕಂಬಳಿಯ ನಡುವೆ ಇನ್ನೂರು ವರ್ಷ ಹಳೆಯ ಗಾಜಿನ ಹೂಜಿ. ಕ್ರೇಟನ್ನು ಎದೆಗೊತ್ತಿಕೊಂಡರೆ ಕಾಲು ಕಾಣುವುದಿಲ್ಲ. ಬೆನ್ನನ್ನು ಗೋಡೆಗೆ ತಾಗಿಸಿಕೊಂಡು, ಅಡ್ಡಡ್ಡವಾಗಿ, ಪಾದದಿಂದಲೇ ಮೆಟ್ಟಿಲಿನ ಅಂಚು ತಡವುತ್ತ ಇಳಿಯುತ್ತಾರೆ. ಬಾಯಲ್ಲಿ ಒಂದೇ ಮಾತು: "ಮೆಲ್ಲಗೆ, ಮೆಲ್ಲಗೆ." ಈ ಹೆಸರು ಅವರಿಗೆ ಬಂದದ್ದು ಹಾಗೆ.

"ಲಿಫ್ಟ್ ಇದೆ," ಎನ್ನುತ್ತಾರೆ ಮೊದಲ ತಿರುವಿನಲ್ಲಿ ನಿಂತು ಉಸಿರು ಬಿಟ್ಟು. "ನಿಲ್ಲೋವಾಗ ಒಂದ್ಸಲ ಕುಕ್ಕತ್ತೆ. ನಿಮಗೇನೂ ಅನ್ಸಲ್ಲ. ಇವಕ್ಕೆ ಅನ್ಸತ್ತೆ."

ಇಲ್ಲಿಗೆ ಬರುವ ಮೊದಲು ಅವರು ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು. ಹುಟ್ಟಿದ ಕೂಸನ್ನು ತೊಳೆಯುವ ಕೋಣೆಯಿಂದ ತಾಯಿಯ ಹಾಸಿಗೆಗೆ ಮುಟ್ಟಿಸುವುದು ಅವರ ಕೆಲಸ. ಆ ಆಸ್ಪತ್ರೆ ಮುಚ್ಚಿದ ಮೇಲೆ ಇಲ್ಲಿ ಸಾಮಾನು ಎತ್ತಿಡುವ ಕೆಲಸಕ್ಕೆ ಸೇರಿದರು. "ಕೆಲಸ ಎರಡೂ ಒಂದೇ ಕಣ್ರಿ. ಕತ್ತು ನೋಡ್ಕೊಂಡು ಎತ್ಬೇಕು. ಒಂದೇ ವ್ಯತ್ಯಾಸ, ಇವು ಅಳಲ್ಲ. ಅಳೋದಾಗಿದ್ರೆ ಈ ಕಟ್ಟಡದಲ್ಲಿ ಯಾರಿಗೂ ಊಟ ಸೇರ್ತಿರ್ಲಿಲ್ಲ." ಗಂಡ ಬೇಕರಿಯ ವ್ಯಾನು ಓಡಿಸುತ್ತಾರೆ. ಬೆಳಗ್ಗೆ ಹೆಂಡತಿಯನ್ನು ಬಾಗಿಲಲ್ಲಿ ಇಳಿಸುವಾಗ ಒಂದು ಬಿಸಿ ಬ್ರೆಡ್ಡು ಕೈಗಿಟ್ಟು ಹೋಗುತ್ತಾರೆ. ಮಗಳು ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಾಳೆ. "ಮನೇಲಿ ಲೋಟ ಎತ್ತೋಕೂ ಇವಳು ಎರಡು ಕೈ ಹಾಕ್ತಾಳೆ. ಕಾಫಿ ಕೊಡ್ತಾಳೋ ಕಪ್ಪು ಒಪ್ಪಿಸ್ತಾಳೋ ಗೊತ್ತಾಗಲ್ಲ," ಎಂದು ಗಂಡ ಹೆಂಡತಿಯ ಕಾಲೆಳೆಯುತ್ತಾರೆ.

ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಾಮಾನು ಇಳಿಯುತ್ತವೆ, ಸಂಜೆ ಅಷ್ಟೇ ಹತ್ತುತ್ತವೆ. ಬಲಗೈ ಈಗ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಒಂದು ಚೂರೂ ಬಿದ್ದಿಲ್ಲ. ಈ ಮಾತನ್ನು ಕಚೇರಿಯವರೂ ಒಪ್ಪುತ್ತಾರೆ, ಒಪ್ಪಿ ಸುಮ್ಮನಾಗುತ್ತಾರೆ. ಇಂಥವರನ್ನು ಎಲೆಮರೆಯ ಕಾಯಿ ಎಂದು ಬರೆಯುವುದು ನಮ್ಮ ಪತ್ರಿಕೆಯವರ ವಾಡಿಕೆ. ನನಗೆ ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಎಲೆ ತಾನಾಗಿ ಅಡ್ಡ ಬಂದಿಲ್ಲ, ತಂದು ಮುಚ್ಚಿದ್ದಾರೆ. ನನಗೆ ಸಿಟ್ಟು ಬಂದಿದೆ, ಅದನ್ನು ಅಡಗಿಸಿಕೊಂಡು ಬರೆಯುವ ಉದ್ದೇಶವೂ ಇಲ್ಲ.

ಸಿಟ್ಟಿಗೆ ಕಾರಣ ಅಟ್ಟದ ಮೂರನೇ ಕಪಾಟಿನಲ್ಲಿದೆ. ಮೊಣಕೈಯುದ್ದದ ಒಂದು ಮಣ್ಣಿನ ಹುಡುಗಿ. ಯಾರು ಮಾಡಿದ್ದೋ ತಿಳಿಯದು. ಸುಟ್ಟ ಮಣ್ಣಲ್ಲ, ಬರೀ ಒಣಗಿಸಿದ್ದು. ಅಂದರೆ ಪ್ರತಿಸಲ ಮುಟ್ಟಿದಾಗಲೂ ಒಂದು ಚಿಟಿಕೆ ಪುಡಿ ಉದುರುತ್ತದೆ, ಕಂಬಳಿಯ ಮೇಲೆ ಕಂದು ಕಲೆಯಾಗಿ ನಿಲ್ಲುತ್ತದೆ. ಕತ್ತಿನ ಸುತ್ತ ಕೂದಲೆಳೆಯಂಥ ಬಿರುಕಿದೆ. ಬಲಗೈ ಮುಂದೆ ಚಾಚಿದೆ, ತೋರುಬೆರಳು ಇರಬೇಕಾದ ಕಡೆ ಮೊಂಡು.

ಸರ್ಕಾರದ ಅನುದಾನದಲ್ಲಿ, ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗವೂ ಈ ವಸ್ತುಸಂಗ್ರಹಾಲಯವೂ ಕೂಡಿ ಇಲ್ಲಿಯವರೆಗೆ ನಾಲ್ಕು ಸಂಶೋಧನಾ ಯೋಜನೆಗಳನ್ನು ನಡೆಸಿವೆ. ಅಟ್ಟದಲ್ಲಿ ಸಾವಿರಾರು ಸಾಮಾನುಗಳಿವೆ. ನಾಲ್ಕೂ ಯೋಜನೆಗಳು ಇಳಿಸಿದ್ದು ಅವೇ ನಲವತ್ತನ್ನು. ಯಾಕೆಂದರೆ ಮೊದಲ ಯೋಜನೆಯವರು ಆ ನಲವತ್ತಕ್ಕೆ ವಿವರಣೆ ಬರೆದಿಟ್ಟಿದ್ದಾರೆ, ವಿವರಣೆ ಇರುವ ಸಾಮಾನಿನಿಂದ ಶುರು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಬೇಗ ಮುಗಿದರೆ ವರದಿ ಚೆನ್ನಾಗಿ ಕಾಣುತ್ತದೆ. ಉಳಿದವು ಧೂಳು ಹೊದ್ದು ಮಲಗಿವೆ. ಅವುಗಳಲ್ಲಿ ಮುಖ ತೊಳೆಸಿಕೊಂಡದ್ದೇನಾದರೂ ಇದ್ದರೆ ಅದು ಮೆಲ್ಲಕ್ಕನ ಬ್ರಷ್ಷಿನಿಂದ.

ಮೊದಲ ಯೋಜನೆ ಫೋಟೋದ್ದು. ಆಗ ಹುಡುಗಿಗೆ ಬೆರಳಿತ್ತು. ಪರದೆಯ ಮೇಲೆ ಅವಳನ್ನು ಆಳೆತ್ತರಕ್ಕೆ ಹಿಗ್ಗಿಸಿ ತೋರಿಸಿದಾಗ ಬೆನ್ನ ಮೇಲೆ ಒಂದು ಪುಟ್ಟ ಹೆಬ್ಬೆಟ್ಟಿನ ಗುರುತು ಕಂಡಿತಂತೆ, ಮಗುವಿನದು. ಹಸಿ ಇದ್ದಾಗ ಯಾವುದೋ ಮಗು ಒತ್ತಿ ನೋಡಿರಬೇಕು. "ಎಷ್ಟು ಸಲ ಎತ್ತಿದೀನಿ, ನನಗೇ ಕಂಡಿರ್ಲಿಲ್ಲ. ಅವತ್ತು ತುಂಬ ಖುಷಿಯಾಯ್ತು. ಕಂಪ್ಯೂಟ್ರು ಅಂದ್ರೆ ಇದಪ್ಪ ಅನ್ಸಿತ್ತು," ಎನ್ನುತ್ತಾರೆ. ಯೋಜನೆ ಮುಗಿಯಿತು. ಫೋಟೋಗಳಿದ್ದ ಡಿಸ್ಕನ್ನು ತೆರೆಯುವ ಯಂತ್ರ ಈಗ ಯಾರ ಬಳಿಯೂ ಇಲ್ಲ. ಆ ಜಾಲತಾಣದ ವಿಳಾಸಕ್ಕೆ ಹೋಗಿ ನೋಡಿದೆ, ಅಲ್ಲಿ ಚಪ್ಪಲಿ ಮಾರುತ್ತಿದ್ದಾರೆ.

ಎರಡನೆಯವರು ಆಕಾರ ಅಳೆಯುವ ಲೇಸರ್ ತಂದರು. ಹುಡುಗಿಯನ್ನು ಅವಳ ಪೀಠದಿಂದ ಎತ್ತಿ ತಿರುಗುವ ಮೇಜಿನ ಮೇಲೆ ನಿಲ್ಲಿಸಬೇಕಾಯಿತು, ಪೀಠ ಮೇಜಿಗಿಂತ ಅಗಲ. ಮೇಜು ಒಮ್ಮೆ ಜರ್ಕು ಹೊಡೆಯಿತು. ಚಾಚಿದ ಕೈ ದೀಪದ ಕಂಬಕ್ಕೆ ತಾಗಿ ಬೆರಳು ಬುಡಕ್ಕೆ ಮುರಿಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಮೇಜನ್ನು ಸರಿಮಾಡಿ ಕೆಲಸ ಮುಂದುವರಿಸಿದರು. ಮೆಲ್ಲಕ್ಕ ನೆಲದ ಮೇಲೆ ಮಂಡಿಯೂರಿ ಬೆರಳನ್ನು ಆರಿಸಿಕೊಂಡು, ಕೆಮ್ಮಿನ ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದರು. ಕಚೇರಿಯ ಕಂಪ್ಯೂಟರಿನಲ್ಲಿ ಆ ಡಬ್ಬಿಗೆ ಬೇರೆಯದೇ ನಂಬರು ಬಿತ್ತು. ಅಲ್ಲಿ ಅದರ ಹೆಸರು: ಮಣ್ಣಿನ ತುಂಡು, ಗುರುತು ಸಿಕ್ಕಿಲ್ಲ.

ಮೂರನೇ ಯೋಜನೆಯಲ್ಲಿ ಕಣ್ಣಿಗೆ ಕಟ್ಟಿಕೊಳ್ಳುವ ಪೆಟ್ಟಿಗೆಗಳು ಬಂದವು. ಅದನ್ನು ಕಟ್ಟಿಕೊಂಡವರು ಗಾಳಿಯಲ್ಲಿ ಕೈಯಾಡಿಸಿ ಹುಡುಗಿಯನ್ನು 'ಎತ್ತಬಹುದು'. ನಿಜಕ್ಕೂ ಎತ್ತುವವರನ್ನು ಯಾರೂ ಮಾತಾಡಿಸಲಿಲ್ಲ. ಆ ಪೆಟ್ಟಿಗೆಗಳು ಈಗ ಅಟ್ಟದಲ್ಲೇ ಇವೆ. ಅವುಗಳ ಧೂಳು ಒರೆಸುವುದೂ ಇವರ ಪಾಲಿಗೇ ಬಂದಿದೆ.

ಮುರಿದುಹೋದ ಭಾಗಗಳನ್ನು ಕಂಪ್ಯೂಟರ್ ತಾನೇ ಊಹಿಸಿ ತುಂಬುವುದು ನಾಲ್ಕನೇ ಯೋಜನೆಯ ಗುರಿ. ಮೂರು ವರ್ಷ, ಕೋಣೆ ತುಂಬ ಯಂತ್ರ, ಐದಾರು ಜನ. ಎಲ್ಲ ಸೇರಿ ಊಹಿಸಿದ್ದು ಇದೇ ಹುಡುಗಿಯ ಬೆರಳನ್ನು! ಮುರಿದವರು ಇವರದೇ ಹಿಂದಿನ ತಂಡ, ಬೆರಳಿರುವುದು ಮೂರು ಮಹಡಿ ಮೇಲೆ. ಕಂಪ್ಯೂಟರಿಗೆ ಕಲಿಸಿದ್ದು ದೂರದೂರದ ದೊಡ್ಡ ಸಂಗ್ರಹಾಲಯಗಳ ಕಲ್ಲಿನ ವೀರರನ್ನು ತೋರಿಸಿ. ಅವರೆಲ್ಲ ಬೆರಳೆತ್ತಿ ಆಕಾಶ ತೋರಿಸುವವರೇ. ಹೀಗಾಗಿ ಇವಳ ಬೆರಳೂ ಆಕಾಶಕ್ಕೆ ಹೋಯಿತು. 'ನಕ್ಷತ್ರ ತೋರಿಸುವ ಹುಡುಗಿ' ಎಂದು ಹೆಸರಿಟ್ಟರು, ಬಹುಮಾನ ಬಂತು, ಬಾಗಿಲಲ್ಲಿ ಆಳೆತ್ತರದ ಚಿತ್ರ ಏರಿತು. ಶಾಲೆಯ ಮಕ್ಕಳು ಅದರ ಕೆಳಗೆ ನಿಂತು ನಕ್ಷತ್ರದ ಮೇಲೆ ಪ್ರಬಂಧ ಬರೆಯುತ್ತಾರೆ.

ಮೆಲ್ಲಕ್ಕ ಕಪಾಟಿನ ಕೆಳಗಿನ ಖಾನೆಯಿಂದ ಇನ್ನೊಂದು ಕ್ರೇಟು ಎಳೆಯುತ್ತಾರೆ. ಅದರಲ್ಲಿ ಹುಡುಗಿಯ ಪೀಠವಿದೆ. ತಿರುಗುವ ಮೇಜಿಗಾಗಿ ಅವಳನ್ನು ಅದರಿಂದ ಎತ್ತಿದವರು ಮತ್ತೆ ಕೂರಿಸಿಲ್ಲ. ಪೀಠದ ಮುಂದಿನ ಮೂಲೆಯಲ್ಲಿ, ಕಾಲ ಬಳಿ, ನೆಲ್ಲಿಕಾಯಿಯಷ್ಟು ದೊಡ್ಡದೊಂದು ಮಣ್ಣಿನ ಕಪ್ಪೆ ಕೂತಿದೆ. "ಆಕಾಶನೂ ಇಲ್ಲ, ನಕ್ಷತ್ರನೂ ಇಲ್ಲ. ಅಲ್ನೋಡಿ ಕಪ್ಪೆ ಅಂತ ಯಾರಿಗೋ ತೋರಿಸ್ತಿದಾಳೆ, ಅಷ್ಟೇ. ಅವಳ ಮುಖ ನೋಡಿ, ನಗು ತಡ್ಕೊಂಡಿದಾಳೆ."

ಹಾಗಾದರೆ ಹೇಳಲಿಲ್ಲವೇ ಎಂದು ಕೇಳುತ್ತೇನೆ. "ಹೇಳ್ದೆ. ಪಾಪ ಆ ಹುಡುಗ್ರೂ ಒಪ್ಕೊಂಡ್ರು. ಹೌದಲ್ವಾ ಅಕ್ಕಾ, ಆದ್ರೆ ವರದಿ ಹೋಗ್ಬಿಟ್ಟಿದೆ ಅಂದ್ರು. ವರದಿ ಹೋದ್ಮೇಲೆ ಬೆರಳು ಬಂದ್ರೆ ಕಷ್ಟ ಅಂತೆ."

ಅಂಟಿಸಬಾರದೇಕೆ? ಅಂಗಡಿಯ ಗೋಂದು ಇದಕ್ಕಾಗುವುದಿಲ್ಲ, ತಿಳಿದವರೇ ಬೇಕು. ತಿಳಿದವರು ಇದ್ದಾರೆ, ಪಕ್ಕದ ಊರಿನಲ್ಲಿ ಒಬ್ಬಾಕೆ, ಎರಡು ದಿನದ ಕೆಲಸ ಎನ್ನುತ್ತಾರೆ. ಆದರೆ ಅಂಟಿಸುವುದು ಸಂಶೋಧನೆಯಲ್ಲ. ಅಂಟಿಸಿದರೆ ಹೊಸದೇನೂ ಕಂಡುಹಿಡಿದಂತಾಗುವುದಿಲ್ಲ. ಇಲ್ಲದ ಬೆರಳನ್ನು ಊಹಿಸಲು ಸರ್ಕಾರ ಕೈಬಿಚ್ಚಿ ಕೊಡುತ್ತದೆ, ಇರುವ ಬೆರಳನ್ನು ಅಂಟಿಸಲು ನಾಲ್ಕು ಯೋಜನೆಗಳಲ್ಲಿ ಒಂದರಲ್ಲೂ ಜಾಗವಿಲ್ಲ. ಜನರ ತೆರಿಗೆಯ ಹಣ ಇದು, ನನ್ನದೂ ಸೇರಿದೆ, ಬೇಕರಿ ವ್ಯಾನು ಓಡಿಸುವವರದ್ದೂ ಸೇರಿದೆ.

ಇವತ್ತು ಐದನೇ ಯೋಜನೆಯವರು ಬರುವ ದಿನ. ನಕ್ಷತ್ರದ ಹುಡುಗಿ ಮಾತಾಡಬೇಕಂತೆ. ಮಕ್ಕಳು ಪ್ರಶ್ನೆ ಕೇಳಿದರೆ ಪರದೆಯ ಮೇಲಿಂದ ಅವಳು ಉತ್ತರ ಕೊಡುತ್ತಾಳೆ. ಅದಕ್ಕೆ ಹೊಸದಾಗಿ, ಇನ್ನೂ ಹತ್ತಿರದಿಂದ, ಕಣ್ಣು ಕುಕ್ಕುವ ದೀಪಗಳ ಕೆಳಗೆ ಸ್ಕ್ಯಾನ್ ಆಗಬೇಕು. ತಿರುಗುವ ಮೇಜು ಅದೇ ಹಳೆಯದು. ಇಲ್ಲೇ ಮೆಲ್ಲಕ್ಕನ ಹೊಟ್ಟೆಪಾಡೂ ಸಿಕ್ಕಿಕೊಂಡಿದೆ, ಏಕೆಂದರೆ ಅವರ ಸಂಬಳ ಯೋಜನೆಯದು. ಯೋಜನೆಯಿಂದ ಯೋಜನೆಗೆ ಅವರನ್ನು ದಾಟಿಸುತ್ತ ಬಂದಿದ್ದಾರೆ. ಐದನೆಯದಕ್ಕೆ ದಾಟಿಸುವವರು ಇನ್ನೇನು ಮೆಟ್ಟಿಲು ಹತ್ತಿ ಬರುತ್ತಾರೆ.

ಹತ್ತೂವರೆಗೆ ಬರುತ್ತಾರೆ. ವಸ್ತುಸಂಗ್ರಹಾಲಯದ ಮುಖ್ಯಸ್ಥರು, ವಿಶ್ವವಿದ್ಯಾಲಯದ ಪ್ರೊಫೆಸರು, ನಿದ್ದೆಗೆಟ್ಟ ಕಣ್ಣಿನ ಯುವ ಸಂಶೋಧಕಿ. ಮೆಲ್ಲಕ್ಕ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಾರೆ.

"ಇವಳನ್ನ ನಾನು ಇಳಿಸಲ್ಲ ಸಾರ್," ಎನ್ನುತ್ತಾರೆ. ದನಿ ಏರಿಲ್ಲ.

"ಯಾಕಮ್ಮ?" ಮುಖ್ಯಸ್ಥರ ಹುಬ್ಬು ಗಂಟಾಗುತ್ತದೆ.

"ಕತ್ತು ಬಿರುಕು ಬಿಟ್ಟಿದೆ. ಹೋದ ಸಲ ಇಷ್ಟಿರ್ಲಿಲ್ಲ. ಆ ಮೇಜು ಇನ್ನೊಂದ್ಸಲ ಜರ್ಕು ಹೊಡೀತು ಅಂದ್ರೆ ತಲೆ ಉಳಿಯಲ್ಲ."

"ನಿಮ್ಮ ಕೆಲಸ ಎತ್ತೋದು. ಯೋಚನೆ ಮಾಡೋಕೆ ನಾವಿದೀವಿ."

"ಸರಿ ಸಾರ್. ಹಾಗಾದ್ರೆ ನೀವೇ ಎತ್ಕೊಳ್ಳಿ." ಮೆಲ್ಲಕ್ಕ ಪಕ್ಕಕ್ಕೆ ಸರಿದು, ಹಳದಿ ಕಂಬಳಿ ಹಾಸಿದ ಕ್ರೇಟನ್ನು ಅವರ ಕಾಲ ಬಳಿ ಇಡುತ್ತಾರೆ. "ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಕೆಳಗೆ. ಮೆಲ್ಲಗೆ."

ಮುಖ್ಯಸ್ಥರು ಪ್ರೊಫೆಸರನ್ನು ನೋಡುತ್ತಾರೆ. ಪ್ರೊಫೆಸರು ಸಂಶೋಧಕಿಯನ್ನು ನೋಡುತ್ತಾರೆ. ಸಂಶೋಧಕಿ ಒಂದು ಹೆಜ್ಜೆ ಮುಂದೆ ಬಂದು, ಕೈಯನ್ನು ಕತ್ತಿನ ಹತ್ತಿರ ಒಯ್ದು, ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಮೂವರಲ್ಲಿ ಒಬ್ಬರೂ ಮುಟ್ಟುವುದಿಲ್ಲ. ಮುಟ್ಟಿದವರ ಕೈಯಲ್ಲಿ ಮುರಿದರೆ ಮುರಿದವರೆಂದು ಅವರದೇ ಹೆಸರು ಉಳಿಯುತ್ತದೆ. ಇಷ್ಟು ವರ್ಷ ಆ ಭಯವನ್ನು ಇವರೆಲ್ಲರ ಪರವಾಗಿ ಹೊತ್ತು ಇಳಿಸಿದವರು ಯಾರೆಂದು ಆಗಲಾದರೂ ಗೊತ್ತಾಗಬೇಕಿತ್ತು.

"ಬೆರಳು ಇದೆಯಂತಲ್ಲ," ಎಂದು ಸಂಶೋಧಕಿ ಮೆಲುದನಿಯಲ್ಲಿ ಕೇಳುತ್ತಾಳೆ. ಮೆಲ್ಲಕ್ಕ ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತಾರೆ. ಸಂಶೋಧಕಿ ಬಗ್ಗಿ ನೋಡುತ್ತಾಳೆ. "ನಂದೂ ಯೋಜನೆ ಸಂಬಳಾನೇ, ಮೂರೇ ವರ್ಷ ಅಕ್ಕಾ," ಎನ್ನುತ್ತಾಳೆ. ಆ ಮಾತು ಯಾಕೆ ಹೇಳಿದಳೆಂದು ನನಗೂ ಗೊತ್ತಾಗುತ್ತದೆ, ಮೆಲ್ಲಕ್ಕನಿಗೂ ಗೊತ್ತಾಗುತ್ತದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮಧ್ಯಾಹ್ನದೊಳಗೆ ತೀರ್ಮಾನ ಹೊರಬೀಳುತ್ತದೆ. ಹುಡುಗಿಯನ್ನು ಇಳಿಸಲು ಮುಂದಿನ ತಿಂಗಳು ಹೊರಗಿನ ಸಾಗಣೆ ಕಂಪನಿಯವರು ಬರುತ್ತಾರೆ. ಐದನೇ ಯೋಜನೆಯಲ್ಲಿ ಮೆಲ್ಲಕ್ಕನಿಗೆ ಜಾಗವಿಲ್ಲ, ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕು. ಮುಖ್ಯಸ್ಥರನ್ನು ನಾನು ಕೋಣೆಯಲ್ಲಿ ಹಿಡಿದು ಕೇಳಿದೆ. "ಭಾವನೆಗಳು ಅರ್ಥ ಆಗತ್ತೆ. ಆದ್ರೆ ನಕ್ಷತ್ರದ ಹುಡುಗಿ ಇಲ್ದೆ ಯೋಜನೇನೇ ಇಲ್ಲ," ಎಂದು ಕೈ ತೊಳೆದುಕೊಂಡರು. ಅವರ ಹಿಂದಿನ ಗೋಡೆಯ ಮೇಲೂ ಅದೇ ಚಿತ್ರವಿತ್ತು, ಆಕಾಶಕ್ಕೆ ಬೆರಳು ಮಾಡಿಕೊಂಡು.

ಸಂಜೆ ಸಾಮಾನುಗಳೆಲ್ಲ ಮತ್ತೆ ಅಟ್ಟ ಹತ್ತುತ್ತವೆ. ಗಾಜಿನ ಹೂಜಿ ಕೊನೆಯದು. ಮೆಲ್ಲಕ್ಕ ಅದನ್ನು ಅದರ ಜಾಗದಲ್ಲಿಟ್ಟು, ಕಂಬಳಿ ಕೊಡವಿ ಮಡಚಿ, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಕೆಲಸ ಹೋದದ್ದಕ್ಕೆ ಬೇಜಾರಿಲ್ಲವೇ ಎಂದರೆ, "ಇಲ್ದೆ ಏನು, ಇದೆ. ಸಿಟ್ಟೂ ಇದೆ," ಎನ್ನುತ್ತಾರೆ. "ಆದ್ರೆ ಅವಳನ್ನ ನನ್ನ ಕೈಯಾರೆ ಇಳಿಸಿಲ್ಲ." ಈ ಲೇಖನದಲ್ಲಿ ಅವರ ನಿಜವಾದ ಹೆಸರು ಹಾಕೋಣವೇ ಎಂದು ಕೇಳುತ್ತೇನೆ. ತಲೆಯಲ್ಲಾಡಿಸುತ್ತಾರೆ.

"ನನ್ನ ಹೆಸರು ಕಟ್ಕೊಂಡು ಏನ್ಮಾಡ್ತೀರಿ. ನಾನು ಹೋದ್ಮೇಲೆ ಬರೋರಿಗೆ ಇದು ಖಾಲಿ ಡಬ್ಬಿ ಅನ್ಸತ್ತೆ, ಕಸಕ್ಕೆ ಹಾಕ್ಬಿಡ್ತಾರೆ. ಅದಕ್ಕೆ ಅದು ಎಲ್ಲಿದೆ ಅಂತ ಬರೀರಿ. ಅಟ್ಟದಲ್ಲಿ ಮೂರನೇ ಕಪಾಟು, ಎಡಗಡೆ ಖಾನೆ, ಕೆಮ್ಮಿನ ಮಾತ್ರೆ ಡಬ್ಬಿ. ಪೀಠ ಅದರ ಕೆಳಗಿನ ಖಾನೇಲಿ."

ಬರೆದುಕೊಳ್ಳುತ್ತೇನೆ. ಅವರು ಬಗ್ಗಿ, ಸರಿಯಾಗಿ ಬರೆದುಕೊಂಡೆನೇ ಎಂದು ನೋಡುತ್ತಾರೆ.

"ಬೆರಳು ಕೆಳಮುಖ ಅಂತನೂ ಹಾಕಿ. ಕಪ್ಪೆ ಕಡೆಗೆ. ಯಾವತ್ತಾದ್ರೂ ಯಾರಾದ್ರೂ ಅಂಟಿಸ್ತಾರೆ, ಆವಾಗ ಮತ್ತೆ ಆಕಾಶಕ್ಕೆ ಮಾಡ್ಬಿಟ್ಟಾರು."